ಏಳು ಮಾರು ನೀರು

ಈ ನಕಾಶೆ ಹಡಗಿನವರದು.
ನೆಲದ ಗೊಡವೆ ಇದಕ್ಕಿಲ್ಲ.
ನೀರೊಳಗೆ ಮಾತ್ರ ಇರುವೆ ಸಾಲಿನಂತೆ ಅಂಕಿ:
ನಾಲ್ಕು ಮಾರು, ಏಳು ಮಾರು, ಹನ್ನೊಂದು,
ಇಲ್ಲಿ ಬಂಡೆ, ಇಳಿತದಲ್ಲಿ ಕಾಣುತ್ತದೆ.
ದಡಕ್ಕೆ ಬಂದರೆ ಹದಿನಾಲ್ಕು ಕಪ್ಪು ಚೌಕ, ಒಂದು ಶಿಲುಬೆ,
ಪಕ್ಕದಲ್ಲಿ ಓರೆ ಅಕ್ಷರ: ಸ್ಪಿಂಡಲ್ ದ್ವೀಪ.
ಅಳೆಯಲು ಬಂದವರು ಸೀಸದ ಗುಂಡು ಇಳಿಬಿಟ್ಟು
ಕಡಲನ್ನು ತಳದವರೆಗೆ ವಿಚಾರಿಸಿದರು,
ಒಂದು ಬಾಗಿಲನ್ನೂ ತಟ್ಟಲಿಲ್ಲ.

ಎಫಿ ಕೀಪಿಂಗ್ ಕನ್ನಡಕ ಹಣೆಗೇರಿಸಿ
ಆರನೆಯ ಚೌಕದ ಮೇಲೆ ಉಗುರು ಊರುತ್ತಾಳೆ.
‘ಇದು ನಮ್ಮದು. ಇದು ಹೆಡ್ಲಿ ಮಾವನದು.
ಇದು ಸುಳ್ಳು. ಇಲ್ಲಿ ಮನೆ ಇರಲೇ ಇಲ್ಲ,
ಅಜೇರಿಯಾ ಮೀನಿಗೆ ಉಪ್ಪು ಹಾಕುತ್ತಿದ್ದ ಕೊಟ್ಟಿಗೆ.
ಸರಕಾರದವರಿಗೆ ಮಾಡು ಕಂಡರೆ ಮನೆ.’

ಆಮೇಲೆ ಬಿಸ್ಕತ್ತಿನ ಡಬ್ಬಿಯಿಂದ ಫೋಟೋ ತೆಗೆದಳು,
ಅಂಗೈಯಗಲ, ಅಂಚೆಲ್ಲ ಹಲ್ಲು ಹಲ್ಲು.
ಸಮುದ್ರ. ಸಮುದ್ರದ ನಟ್ಟನಡುವೆ
ಮಹಡಿ ಮನೆ.
ಚಿಮಣಿ ಇದೆ, ಕಿಟಕಿಗೆ ಪರದೆ ಇದೆ,
ತಳಕ್ಕೆ ಬಿಗಿದ ಖಾಲಿ ಎಣ್ಣೆ ಪೀಪಾಯಿ,
ಮುಂದೆ ನಾಲ್ಕು ದೋಣಿ, ಸೆಟೆದ ಹಗ್ಗ.
ಹಿಂದೆ ಪೆನ್ಸಿಲಿನಲ್ಲಿ: ಮನೆ, ದಾರಿಯಲ್ಲಿ. ಆಗಸ್ಟ್ ’೬೨.

ಮನೆ ಕಟ್ಟಿ ನೋಡು ಎಂದವರುಂಟು.
ಇವರು ಕಟ್ಟಿದ್ದನ್ನೇ ಕಿತ್ತು ತೇಲಿಸಿ ನೋಡಿದರು.
ದ್ವೀಪಕ್ಕೆ ಇನ್ನು ಡಾಕ್ಟರಿಲ್ಲ, ಮೇಷ್ಟ್ರಿಲ್ಲ, ಟಪಾಲಿಲ್ಲ;
ಎಲ್ಲರೂ ಸಹಿ ಹಾಕಿ ಎದ್ದರೆ ತಲೆಗಿಷ್ಟು ದುಡ್ಡು.
ಅಜೇರಿಯಾನ ಸಹಿ ಕೊನೆಯದು. ತಿಂಗಳು ತಡ.
ಬೆರಳಿಗೆ ಗಾಯವಾಗಿದೆ ಅನ್ನುತ್ತಿದ್ದನಂತೆ.
ಶಿಲುಬೆಯ ಹತ್ತಿರ ಮಲಗಿದವರ ಸಹಿ
ಯಾರೂ ಕೇಳಲಿಲ್ಲ.

‘ಅಮ್ಮ ಬಾಗಿಲಿಗೆ ಬೀಗ ಹಾಕಿದಳು,’ ಎಫಿಗೆ ಈಗಲೂ ನಗು.
‘ಹಾಕಿ, ಜಗ್ಗಿ ನೋಡಿ, ಆಮೇಲೆ ದೋಣಿ ಹತ್ತಿದಳು.
ಕಡಲ ನಡುವೆ ಯಾವ ಕಳ್ಳ ಬರುತ್ತಾನೆ, ಹೇಳು?
ದಾರಿಯುದ್ದಕ್ಕೂ ಬೀಗದ ಕೈ ಮುಷ್ಟಿಯಲ್ಲೇ.
ಆಚೆ ದಡದಲ್ಲಿ ತೆರೆದರೆ ಒಂದು ಬಸಿಯೂ ಒಡೆದಿರಲಿಲ್ಲ,
ಗಡಿಯಾರ ಮಾತ್ರ ನಿಂತಿತ್ತು. ಅದು ಮೊದಲೂ ನಿಲ್ಲುತ್ತಿತ್ತು.’

ತಮ್ಮ ಗಾರ್ಲಂಡ್ ಹೇಳುವುದೇ ಬೇರೆ.
ಅವನು ಮನೆಯೊಳಗೇ ಇದ್ದನಂತೆ, ಮಹಡಿಯ ಕಿಟಕಿಯಲ್ಲಿ;
ನೆಲದಡಿ ನೀರು ಹಸುವಿನಂತೆ ನೆಕ್ಕುವುದು ಕೇಳಿಸಿತಂತೆ,
ದ್ವೀಪವೇ ಹಗ್ಗ ಬಿಚ್ಚಿಕೊಂಡು ಹಿಂದೆ ಹಿಂದೆ ಹೋಯಿತಂತೆ.
‘ಶುದ್ಧ ಸುಳ್ಳು,’ ಎನ್ನುತ್ತಾಳೆ ಎಫಿ,
‘ದೋಣಿಯಲ್ಲಿ ನನ್ನ ಮಡಿಲಿಗೇ ವಾಂತಿ ಮಾಡಿದ.’

ಫೋಟೋ ಹಿಗ್ಗಿಸಿ ನೋಡಿದೆ.
ಮಹಡಿಯ ಕಿಟಕಿಯಲ್ಲಿ ಏನೋ ಬೆಳ್ಳಗೆ.
ಇನ್ನೂ ಹಿಗ್ಗಿಸಿದೆ. ಕೆನ್ನೆ ಅಂದುಕೊಂಡದ್ದು ಚುಕ್ಕಿಯಾಯಿತು,
ಚುಕ್ಕಿಯ ಸುತ್ತ ಬೂದಿ, ಬೂದಿಯ ಸುತ್ತ
ಮತ್ತೆ ಅದೇ ಸಮುದ್ರ.
ದಾಖಲೆ ಪುಸ್ತಕದಲ್ಲಿ ಬರೆದೆ:
ಕಿಟಕಿಯಲ್ಲಿ ಪರದೆ, ಅಥವಾ ಗಾರ್ಲಂಡ್.

ಆ ಮನೆ ಈಗ ಪೆಟ್ರೋಲ್ ಬಂಕಿನ ಹಿಂದಿದೆ,
ಮೈಗೆ ಪ್ಲಾಸ್ಟಿಕ್ ಹಲಗೆ, ಒಳಗೆ ಯಾರೋ ಬಾಡಿಗೆಯವರು.
ಅವರ ಮಗು ಗೋಲಿ ಬಿಟ್ಟರೆ
ಅದು ಕೊಲ್ಲಿಯ ಕಡೆಗೇ ಉರುಳುತ್ತದೆ.
ಹೊಸ ನಕಾಶೆಯಲ್ಲಿ ದ್ವೀಪಕ್ಕೆ ಹೆಸರಿಲ್ಲ, ಎತ್ತರ ಮಾತ್ರ.

ಹೊರಡುವ ಮುಂಚೆ ಕೇಳಿದೆ:
ಎಫಿ, ನಿಮ್ಮ ಮನೆ ಎಲ್ಲಿ, ಗುರುತು ಹಾಕಿ ಕೊಡಿ.
ಪೆನ್ಸಿಲ್ ದ್ವೀಪದ ಮೇಲೆ ನಿಂತಿತು. ಎದ್ದಿತು.
ಬಂದರಿನ ಕಡೆ ಹೋಯಿತು, ಅಲ್ಲೂ ಇಳಿಯಲಿಲ್ಲ.
ಕಡೆಗೆ ಅಂಕಿಗಳ ನಡುವೆ
ಏಳು ಮಾರು ನೀರಿನ ಮೇಲೆ
ಸಣ್ಣ ಚೌಕ ಬರೆದಳು, ಚಿಮಣಿ ಸಮೇತ.

ಮಾರು ಅಂದರೆ ಚಾಚಿದ ಎರಡು ತೋಳು;
ನಡುವಿನ ಎದೆಯೂ ಲೆಕ್ಕಕ್ಕೆ ಸೇರುತ್ತದೆ.

ಮುಂದಿನ ಮಂಗಳವಾರ ಗಾರ್ಲಂಡ್ ಬರುತ್ತಾನಂತೆ.
ರಬ್ಬರನ್ನು ಮೇಜಿನ ಖಾನೆಯಲ್ಲಿಟ್ಟು
ಬೀಗ ಹಾಕಿ
ಜಗ್ಗಿ ನೋಡಿದೆ.